ಕೀಲಿಯಿಂದ ಪರದೆಯವರೆಗೆ

ಮನೆಯಲ್ಲಿ ವಿದ್ಯುದ್ದೀಪ ಹತ್ತದೆ ಹೋದರೆ ಬಲ್ಲವನು ಮೊದಲು ಏನು ಮಾಡುತ್ತಾನೆ? ಅವನು ಗೋಡೆಯನ್ನು ಒಡೆಯುವುದಿಲ್ಲ. ಹೊಸ ಬಲ್ಬನ್ನು ತರಲು ಪೇಟೆಗೂ ಓಡುವುದಿಲ್ಲ. ಕಂಬದಿಂದ ಮೀಟರಿಗೆ, ಮೀಟರಿನಿಂದ ಫ್ಯೂಜಿಗೆ, ಫ್ಯೂಜಿನಿಂದ ಗುಂಡಿಗೆ, ಗುಂಡಿಯಿಂದ ದೀಪಕ್ಕೆ ವಿದ್ಯುತ್ತು ಬರುವ ದಾರಿಯನ್ನು ಮನಸ್ಸಿನಲ್ಲಿ ಇಟ್ಟುಕೊಂಡು, ಟೆಸ್ಟರನ್ನು ಒಂದೊಂದು ಸ್ಥಳದಲ್ಲಿ ಮುಟ್ಟಿಸಿ ನೋಡುತ್ತಾನೆ. ಎಲ್ಲಿಯವರೆಗೆ ವಿದ್ಯುತ್ತು ಬಂದಿದೆ, ಎಲ್ಲಿಂದ ಮುಂದೆ ಇಲ್ಲ ಎಂಬುದು ತಿಳಿದರೆ ಅರ್ಧ ಕೆಲಸ ಮುಗಿದಂತೆಯೇ ಸರಿ. ಗಣಕಯಂತ್ರದಲ್ಲಿ ಕನ್ನಡದ ಅಕ್ಷರ ಮೂಡದೆ ಹೋದಾಗಲೂ ಮಾಡಬೇಕಾದುದು ಇದನ್ನೇ. ಆದರೆ ನಮ್ಮ ವಿದ್ಯಾರ್ಥಿಗಳಲ್ಲಿ ಹಲವರು ಅಂಥ ಸಂದರ್ಭದಲ್ಲಿ ಇಡೀ ತಂತ್ರಾಂಶವನ್ನೇ ಅಳಿಸಿ ಮತ್ತೆ ಹಾಕುತ್ತಾರೆ. ದೀಪ ಹತ್ತಲಿಲ್ಲವೆಂದು ಮನೆಯನ್ನು ಕೆಡವಿ ಕಟ್ಟಿಸುವುದಕ್ಕೂ ಇದಕ್ಕೂ ಹೆಚ್ಚಿನ ಅಂತರವಿಲ್ಲ.

ಈ ವಿಷಯವನ್ನು ಬರೆಯಲು ನಮಗೆ ಕಾರಣವಾದುದು ಒಂದು ಚಿಕ್ಕ ಪ್ರಸಂಗ. ಧಾರವಾಡ ಜಿಲ್ಲೆಯ ಕಲಘಟಗಿ ತಾಲೂಕಿನ ತಂಬೂರದಿಂದ ಬರುವ ನಮ್ಮ ವಿದ್ಯಾರ್ಥಿಯೊಬ್ಬನ ಅಜ್ಜ ಡೊಳ್ಳಿನ ಪದಗಳನ್ನು ಬಲ್ಲವರು. ಅವರು ಪ್ರಾಯದಲ್ಲಿ ಬರೆದಿಟ್ಟ ಮೂರು ವಹಿಗಳು ಮನೆಯಲ್ಲಿವೆ. ಮಸಿ ಮಾಸಿದೆ, ಒಂದು ವಹಿಯ ಅಂಚನ್ನು ಗೆದ್ದಲು ತಿಂದಿದೆ, ಆ ಕೈಬರಹವನ್ನು ತಡೆಯಿಲ್ಲದೆ ಓದಬಲ್ಲವರು ಅಜ್ಜನೊಬ್ಬರೇ, ಅವರಿಗೂ ಈಗ ಕಣ್ಣು ಮಂಜು. ಮೊದಲನೆಯ ವಹಿಯನ್ನು ಹುಡುಗನ ತಂದೆ ಹಿಂದೆ ಒಂದು ಬೆರಳಚ್ಚಿನ ಅಂಗಡಿಯಲ್ಲಿ ಗಣಕಕ್ಕೆ ಹಾಕಿಸಿ ಇಟ್ಟಿದ್ದರು. ಉಳಿದ ಎರಡನ್ನು ಅಜ್ಜನ ಬಾಯಿಂದ ಕೇಳಿ ತಾನೇ ಬರೆಯಬೇಕೆಂದು ಹುಡುಗನು ಒಂದು ಹಳೆಯ ಲ್ಯಾಪ್‌ಟಾಪನ್ನು ಸಂಪಾದಿಸಿದನು. ಅದರ ಸ್ಮರಣಶಕ್ತಿ ಕೇವಲ 2 ಗಿಗಾಬೈಟು. ಇಂದಿನ ಭಾರವಾದ ವ್ಯವಸ್ಥೆಗಳು ಅದರ ಮೇಲೆ ತೆವಳುವುದರಿಂದ ಅವನು ಲಿನಕ್ಸನ್ನೂ, ಅದರ ಮೇಲೆ ಎಲ್‌ಎಕ್ಸ್‌ಡಿಇ ಎಂಬ ಹಗುರವಾದ ಮೇಜುವ್ಯವಸ್ಥೆಯನ್ನೂ ಹಾಕಿಕೊಂಡಿದ್ದನು. ಎರಡು ದಿನಗಳ ತರುವಾಯ ನಮ್ಮಲ್ಲಿಗೆ ಬಂದು ಹೇಳಿದುದು ಹೀಗೆ:

"ಸರ, ಒಮ್ಮೆ ಕನ್ನಡ ಬರತೈತ್ರೀ, ಒಮ್ಮೆ ಬರೂದಿಲ್ಲ. ಯಂತ್ರಕ್ಕ ದೆವ್ವ ಹೊಕ್ಕಂಗ ಆಗೇತಿ ನೋಡ್ರೀ."

"ದೆವ್ವ ಅಲ್ಲೋ ತಮ್ಮಾ. ಎಲ್ಲಿಂದ ತೆಗದಾಗ ಬರತೈತಿ, ಎಲ್ಲಿಂದ ತೆಗದಾಗ ಬರೂದಿಲ್ಲ, ಅದನ್ನ ಬರಕೊಂಡು ಬಾ" ಎಂದು ಕಳುಹಿಸಿದೆವು. ಅವನು ಬರೆದು ತಂದ ಚೀಟಿಯನ್ನು ಅರ್ಥಮಾಡಿಕೊಳ್ಳಬೇಕಾದರೆ ಅಕ್ಷರವು ಕೀಲಿಯಿಂದ ಪರದೆಗೆ ಬರುವ ದಾರಿಯನ್ನು ನಾವು ಮೊದಲು ನಡೆದು ನೋಡಬೇಕು.

ಅಕ್ಷರದ ದಾರಿ

ಕೀಲಿಮಣೆಯ ಮೇಲೆ ಇಂಗ್ಲಿಷಿನ 'ಕೆ' ಎಂದು ಬರೆದಿರುವ ಕೀಲಿಯನ್ನು ಒತ್ತಿದೆವೆನ್ನೋಣ. ಆ ಬರಹವು ನಮ್ಮ ಕಣ್ಣಿಗೆ ಮಾತ್ರ. ಯಂತ್ರವು ಅದನ್ನು ಅರಿಯದು. ಕೀಲಿಯ ಕೆಳಗೆ ಅಡ್ಡವಾಗಿಯೂ ಉದ್ದವಾಗಿಯೂ ಹರಡಿರುವ ತಂತಿಗಳ ಜಾಲದಲ್ಲಿ ಒಂದು ಸಂಪರ್ಕ ಕೂಡುತ್ತದೆ. ಕೀಲಿಮಣೆಯೊಳಗಿನ ಪುಟ್ಟ ನಿಯಂತ್ರಕವು ಇದನ್ನು ಗಮನಿಸಿ, ಆ ಸ್ಥಾನಕ್ಕೆ ಸೇರಿದ ಒಂದು ಸಂಖ್ಯೆಯನ್ನು ಒಳಕ್ಕೆ ಕಳುಹಿಸುತ್ತದೆ. ಲಿನಕ್ಸಿನ ತಿರುಳು, ಎಂದರೆ ಕರ್ನೆಲು, ಈ ಕೀಲಿಯನ್ನು 37 ಎಂಬ ಸಂಖ್ಯೆಯಿಂದ ಗುರುತಿಸುತ್ತದೆ. ಅಲ್ಲಿಂದ ಅದು ಪರದೆಯ ಮೇಲಿನ ಕಿಟಕಿಗಳನ್ನು ನೋಡಿಕೊಳ್ಳುವ ಎಕ್ಸ್ ಎಂಬ ವ್ಯವಸ್ಥೆಗೆ ಹೋಗುತ್ತದೆ. ಇದು ಅಮೆರಿಕದ ಎಂ.ಐ.ಟಿ.ಯಲ್ಲಿ 1984ರಲ್ಲಿ ಹುಟ್ಟಿದುದು. ಎಕ್ಸ್‌ನ ನಿಯಮದಂತೆ ಕೀಲಿಸಂಖ್ಯೆಗಳು 8ರಿಂದ ಆರಂಭವಾಗಬೇಕಾದುದರಿಂದ 37ಕ್ಕೆ 8 ಸೇರಿ 45 ಆಗುತ್ತದೆ. ಇಷ್ಟರವರೆಗೆ ಭಾಷೆಯ ಸೋಂಕೇ ಇಲ್ಲ. ಟೋಕಿಯೋದಲ್ಲಿ ಒತ್ತಿದರೂ 45, ತಂಬೂರದಲ್ಲಿ ಒತ್ತಿದರೂ 45.

ಮುಂದಿನ ನಿಲ್ದಾಣದಲ್ಲಿ ಒಂದು ಕೋಷ್ಟಕವಿದೆ. 45ನೆಯ ಕೀಲಿಗೆ ಯಾವ ಚಿಹ್ನೆ ಎಂಬುದನ್ನು ಅದು ಹೇಳುತ್ತದೆ. ಇಂಗ್ಲಿಷಿನ ಕೋಷ್ಟಕವಿದ್ದರೆ ಉತ್ತರ 'ಕೆ'. ಕನ್ನಡದ ಕೋಷ್ಟಕವನ್ನು ಹಾಕಿದ್ದರೆ ಉತ್ತರ 'ಕ'. ಹಾಗಾದರೆ ಕನ್ನಡದ ಕೋಷ್ಟಕವೊಂದಿದ್ದರೆ ಸಾಕಲ್ಲವೆ ಎಂದು ವಾಚಕರು ಕೇಳಬಹುದು. ಭಾರತ ಸರಕಾರದ ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ಬರೆಯುವವರಿಗೆ ನಿಜಕ್ಕೂ ಅಷ್ಟೇ ಸಾಕು. ಅದರಲ್ಲಿ 'ಆ' ಎಂಬ ಸ್ವರಕ್ಕೆ ಒಂದು ಸ್ಥಾನ, 'ಾ' ಎಂಬ ಗುಣಿತಚಿಹ್ನೆಗೆ ಇನ್ನೊಂದು ಸ್ಥಾನ ಬೇರೆಬೇರೆಯಾಗಿಯೇ ಇವೆ. ಆದರೆ ಕರ್ನಾಟಕದಲ್ಲಿ ಬಹುಮಂದಿಗೆ ರೂಢಿಯಾಗಿರುವುದು ಕಿನ್ನಿಕಂಬಳ ಪದ್ಮನಾಭ ರಾಯರು ರೂಪಿಸಿದ, ಕನ್ನಡ ಗಣಕ ಪರಿಷತ್ತಿನ 'ನುಡಿ'ಯಿಂದ ಮನೆಮನೆಗೆ ತಲುಪಿದ ವಿನ್ಯಾಸ. ಪರಿಷತ್ತಿನ ಮೊದಲಕ್ಷರಗಳಿಂದ ಇದಕ್ಕೆ ಕಗಪ ಎಂಬ ಹೆಸರೂ ಉಂಟು. ಇಲ್ಲಿ ಒಂದೇ ಕೀಲಿಯು ಪದದ ಮೊದಲಲ್ಲಿ 'ಇ' ಆಗಬೇಕು, ವ್ಯಂಜನದ ಮುಂದೆ 'ಿ' ಆಗಬೇಕು. ಹಿಂದಿನ ಅಕ್ಷರ ಯಾವುದು ಎಂಬುದು ನೆನಪಿನಲ್ಲಿದ್ದಲ್ಲದೆ ಇದು ಸಾಧ್ಯವಿಲ್ಲ. ಕೋಷ್ಟಕಕ್ಕೆ ನೆನಪಿಲ್ಲ, ಬಂದ ಸಂಖ್ಯೆಗೆ ಉತ್ತರ ಕೊಟ್ಟು ಮರೆತುಬಿಡುವುದೇ ಅದರ ಸ್ವಭಾವ.

ನೆನಪುಳ್ಳ ಮಧ್ಯವರ್ತಿಯೊಂದು ಬೇಕಾಗುವುದು ಈ ಕಾರಣದಿಂದ. ಅದಕ್ಕೆ ನಿವೇಶನ ವಿಧಾನ ಅಥವಾ ಬರವಣಿಗೆಯ ವಿಧಾನವೆಂದು ಹೆಸರಿಡಬಹುದು. ಲಿನಕ್ಸಿನಲ್ಲಿ ಇಂದು ಹೆಚ್ಚಾಗಿ ಬಳಕೆಯಲ್ಲಿರುವ ಮಧ್ಯವರ್ತಿಗಳು ಐಬಸ್ ಮತ್ತು ಎಫ್‌ಸಿಐಟಿಎಕ್ಸ್ ಎಂಬ ಎರಡು. ಇವು ತಾವಾಗಿ ಯಾವ ಭಾಷೆಯನ್ನೂ ಬಲ್ಲವಲ್ಲ. ಒಂದೊಂದು ಭಾಷೆಯ ನಿಯಮಗಳನ್ನು ಬಲ್ಲ ಯಂತ್ರಗಳನ್ನು ತಮ್ಮೊಳಗೆ ಕೂಡಿಸಿಕೊಳ್ಳುತ್ತವೆ. ಮಧ್ಯವರ್ತಿಯು 'ಕ' ಎಂದು ತೀರ್ಮಾನಿಸಿ ಬರೆಯುವ ತಂತ್ರಾಂಶಕ್ಕೆ ಒಪ್ಪಿಸಿದಾಗ ಅಲ್ಲಿಗೆ ತಲುಪುವುದು ಯೂನಿಕೋಡಿನ ಒಂದು ಸಂಖ್ಯೆ. ಯೂನಿಕೋಡಿನಲ್ಲಿ ಕನ್ನಡಕ್ಕೆ 3200ರಿಂದ 3327ರವರೆಗೆ 128 ಸ್ಥಾನಗಳನ್ನು ಕಾಯ್ದಿರಿಸಲಾಗಿದೆ. 'ಕ'ದ ಸ್ಥಾನ 3221. ಕಡೆಯದಾಗಿ ಈ ಸಂಖ್ಯೆಗಳನ್ನು ಆಕಾರಗಳಾಗಿ ಜೋಡಿಸುವ ಕೆಲಸ. 'ಕ್ಷ' ಎಂಬುದು ನಮಗೆ ಒಂದೇ ಅಕ್ಷರವಾಗಿ ಕಂಡರೂ ಯಂತ್ರದಲ್ಲಿ ಅದು 3221, 3277, 3255 ಎಂಬ ಮೂರು ಸಂಖ್ಯೆಗಳು: ಕ, ವಿರಾಮ, ಷ. ಇವನ್ನು ಕೂಡಿಸಿ ಒತ್ತಕ್ಷರ ಮಾಡುವ ಸಾಧನಕ್ಕೆ ಹಾರ್ಫ್‌ಬಜ್ ಎಂಬ ಹೆಸರಿದೆ. ಅದು ಪಾರಸಿ ನುಡಿಯಲ್ಲಿ 'ತೆರೆದ ಅಕ್ಷರ' ಎಂಬ ಅರ್ಥ ಕೊಡುವ ಮಾತಿನಿಂದ ಬಂದುದು. ಅದು ಲೋಹಿತ್, ಗುಬ್ಬಿ, ನವಿಲು ಮುಂತಾದ ಫಾಂಟುಗಳಲ್ಲಿ ಇರುವ ಆಕಾರಗಳನ್ನು ಆಯ್ದು ಪರದೆಗೆ ಕೊಡುತ್ತದೆ.

ಜಪಾನಿನ ಋಣ

ಇಲ್ಲಿ ದಾರಿಯನ್ನು ಬಿಟ್ಟು ಸ್ವಲ್ಪ ಪಕ್ಕಕ್ಕೆ ಸರಿಯುವುದು ಅಗತ್ಯ; ಏಕೆಂದರೆ ಈ ಮಧ್ಯವರ್ತಿಯ ಕಲ್ಪನೆ ಬೆಳೆದುದು ಕನ್ನಡಕ್ಕಾಗಿ ಅಲ್ಲ. ಜಪಾನೀ ಬರವಣಿಗೆಯಲ್ಲಿ ಕಾನಾ ಎಂಬ ಉಚ್ಚಾರಾಕ್ಷರಗಳ ಜೊತೆಗೆ ಚೀನಾದಿಂದ ಬಂದ ಕಾಂಜಿ ಎಂಬ ಚಿತ್ರಾಕ್ಷರಗಳಿವೆ. ನಿತ್ಯದ ಬಳಕೆಗೆಂದು ಜಪಾನ್ ಸರಕಾರವು 2010ರಲ್ಲಿ ಪರಿಷ್ಕರಿಸಿದ ಪಟ್ಟಿಯಲ್ಲಿಯೇ 2136 ಕಾಂಜಿಗಳಿವೆ. ಇಷ್ಟು ಕೀಲಿಗಳ ಮಣೆಯನ್ನು ಯಾರು ತಾನೇ ಬಳಸಬಲ್ಲರು? ಉಚ್ಚಾರವನ್ನು ಬರೆದರೆ ಯಂತ್ರವೇ ಕಾಂಜಿಯನ್ನು ಸೂಚಿಸುವ ಉಪಾಯವನ್ನು ತೋಷಿಬಾ ಸಂಸ್ಥೆಯು 1978ರಲ್ಲಿ ಜೆಡಬ್ಲ್ಯು-10 ಎಂಬ ಯಂತ್ರದಲ್ಲಿ ತೋರಿಸಿತು. ಅದು ಮೇಜಿನಷ್ಟು ದೊಡ್ಡದು. ತೂಕ 220 ಕಿಲೋಗ್ರಾಂ, ಬೆಲೆ 63 ಲಕ್ಷ ಯೆನ್.

ಈ ಕ್ರಮದಲ್ಲಿ 'ಹಶಿ' ಎಂದು ಬರೆದರೆ ಯಂತ್ರಕ್ಕೆ ಒಂದು ಸಂದೇಹ ಬರುತ್ತದೆ: ಬರೆಯುವವನಿಗೆ ಬೇಕಾದುದು ಸೇತುವೆಯೋ, ಊಟದ ಕಡ್ಡಿಗಳೋ, ಅಂಚೋ? ಮೂರಕ್ಕೂ ಉಚ್ಚಾರ ಅದೇ, ಕಾಂಜಿ ಮಾತ್ರ ಬೇರೆ. ಆದುದರಿಂದ ಬರೆದುದನ್ನು ಕೂಡಲೇ ಕಾಗದಕ್ಕಿಳಿಸದೆ, ಕೆಳಗೆ ಗೆರೆಯೆಳೆದು ತನ್ನ ಕೈಯಲ್ಲಿಯೇ ಹಿಡಿದುಕೊಂಡು, ಆಯ್ಕೆಗಳ ಪಟ್ಟಿಯನ್ನು ಒಂದು ಸಣ್ಣ ಕಿಟಕಿಯಲ್ಲಿ ತೋರಿಸಿ, ನಮ್ಮ ಒಪ್ಪಿಗೆ ಬಂದ ಮೇಲೆ ತಂತ್ರಾಂಶಕ್ಕೆ ಒಪ್ಪಿಸುತ್ತದೆ. ಹಿಡಿದುಕೊಳ್ಳುವುದು, ತೋರಿಸುವುದು, ಒಪ್ಪಿಸುವುದು: ಈ ಮೂರು ಕ್ರಿಯೆಗಳಿಗಾಗಿ ಕಟ್ಟಿದ ವ್ಯವಸ್ಥೆಯ ಮೇಲೆಯೇ ನಮ್ಮ ಕನ್ನಡವೂ ಸವಾರಿ ಮಾಡುತ್ತಿದೆ. ಇದು ಬರಿಯ ಅಲಂಕಾರದ ಮಾತಲ್ಲ. ಐಬಸ್ಸಿನಲ್ಲಿ ಕಗಪ ವಿನ್ಯಾಸವನ್ನು ನಡೆಸುವ ಎಂ17ಎನ್ ಎಂಬ ತಂತ್ರಾಂಶವು ಜಪಾನಿನ ತ್ಸುಕುಬಾ ನಗರದ ರಾಷ್ಟ್ರೀಯ ಸಂಶೋಧನ ಸಂಸ್ಥೆಯಲ್ಲಿ ರಚಿತವಾದುದು. ಬಹುಭಾಷೀಕರಣವೆಂಬ ಅರ್ಥದ ಇಂಗ್ಲಿಷ್ ಪದದ ಮೊದಲನೆಯ ಮತ್ತು ಕೊನೆಯ ಅಕ್ಷರಗಳ ನಡುವೆ 17 ಅಕ್ಷರಗಳಿರುವುದರಿಂದ ಆ ಹೆಸರು. ಎಲ್‌ಎಕ್ಸ್‌ಡಿಇ ಸಹ 2006ರಲ್ಲಿ ತೈವಾನಿನಲ್ಲಿ ಆರಂಭವಾಯಿತು. ತಂಬೂರದ ಡೊಳ್ಳಿನ ಪದವು ಪರದೆಗೆ ಬರುವಾಗ ಪೂರ್ವ ಏಷ್ಯದ ಈ ಎರಡು ಊರುಗಳ ಮೂಲಕ ಹಾದುಬರುತ್ತದೆಂದರೆ ತಪ್ಪಾಗದು. ಜಪಾನೀ ಕಲಿಯುವ ನಮ್ಮ ವಿದ್ಯಾರ್ಥಿಗಳು ಮೋಜ್ಕ್ ಎಂಬ ಯಂತ್ರವನ್ನು ಹಾಕಿಕೊಂಡಾಗ ಎದುರಿಸುವ ತೊಡಕುಗಳಲ್ಲಿ ಮುಕ್ಕಾಲು ಪಾಲು ನಾವು ಈಗ ಹೇಳಲಿರುವವೇ. ಆಯ್ಕೆಯ ಕಿಟಕಿಯು ಬರೆಯುವ ಸ್ಥಳದ ಬಳಿ ಬಾರದೆ ಪರದೆಯ ಮೂಲೆಗೆ ಹೋಗಿ ಕೂಡುವುದೊಂದು ಅವರಿಗೆ ಹೆಚ್ಚಿನ ಕಾಟ.

ಮೊದಲನೆಯ ದೋಷ

ಹುಡುಗನ ಚೀಟಿಯಲ್ಲಿ ಹೀಗಿತ್ತು: ಬರೆಯುವ ತಂತ್ರಾಂಶವನ್ನು ಟರ್ಮಿನಲ್ಲಿನ ಕಪ್ಪು ಕಿಟಕಿಯಿಂದ ಹೆಸರು ಹೇಳಿ ತೆಗೆದರೆ ಕನ್ನಡ ಬರುತ್ತದೆ, ಅದೇ ತಂತ್ರಾಂಶವನ್ನು ಕೆಳಗಿನ ಪಟ್ಟಿಯ ಚಿತ್ರವನ್ನು ಒತ್ತಿ ತೆಗೆದರೆ ಬರುವುದಿಲ್ಲ. ಇಷ್ಟು ಒಳ್ಳೆಯ ವೀಕ್ಷಣೆ ದೊರೆತರೆ ದೆವ್ವಕ್ಕೆ ಅಲ್ಲಿ ಸ್ಥಳವಿಲ್ಲ.

ಬರೆಯುವ ತಂತ್ರಾಂಶವು ಮಧ್ಯವರ್ತಿಯನ್ನು ಹುಡುಕಿಕೊಂಡು ಹೋಗಬೇಕಾದರೆ ಅದರ ವಿಳಾಸವನ್ನು ಯಾರಾದರೂ ಹೇಳಬೇಕು. ಲಿನಕ್ಸಿನಲ್ಲಿ ಇದನ್ನು ಹೇಳುವುದು ಪರಿಸರದ ಚರಾಂಶಗಳೆಂಬ ಸಾಲುಗಳು. ಕಿಟಕಿ, ಗುಂಡಿ, ಬರೆಯುವ ಪೆಟ್ಟಿಗೆ ಇವುಗಳನ್ನು ಕಟ್ಟಿಕೊಡುವ ಉಪಕರಣಗಳಲ್ಲಿ ಜಿಟಿಕೆ ಮತ್ತು ಕ್ಯೂಟಿ ಮುಖ್ಯವಾದವು. ಜಿಟಿಕೆಯಿಂದ ಕಟ್ಟಿದ ತಂತ್ರಾಂಶಗಳಿಗೆ ಒಂದು ಸಾಲು, ಕ್ಯೂಟಿಯವಕ್ಕೆ ಒಂದು, ಇವೆರಡನ್ನೂ ಅರಿಯದ ಹಳೆಯ ತಂತ್ರಾಂಶಗಳಿಗೆ ಎಕ್ಸ್‌ನ ಹಳೆಯ ಕ್ರಮದ ಇನ್ನೊಂದು. ಮೊದಲೆರಡರ ಹೆಸರು ದೊಡ್ಡಕ್ಷರಗಳಲ್ಲಿ 'ಜಿಟಿಕೆ-ಐಎಂ-ಮಾಡ್ಯೂಲ್', 'ಕ್ಯೂಟಿ-ಐಎಂ-ಮಾಡ್ಯೂಲ್' ಎಂದಿರುತ್ತದೆ (ನಾವು ಅಡ್ಡಗೆರೆ ಹಾಕಿದಲ್ಲಿ ಯಂತ್ರದಲ್ಲಿ ಅಡಿಗೆರೆ), ಮೂರನೆಯದು 'ಎಕ್ಸ್‌ಮಾಡಿಫೈಯರ್ಸ್'. ಮೂರರಲ್ಲಿಯೂ ಐಬಸ್ಸಿನ ಹೆಸರು ಬರೆದಿರಬೇಕು. ಭಾರವಾದ ಮೇಜುವ್ಯವಸ್ಥೆಗಳು ಐಬಸ್ಸನ್ನು ಎಬ್ಬಿಸುವ ಕೆಲಸವನ್ನೂ ವಿಳಾಸ ಹೇಳುವ ಕೆಲಸವನ್ನೂ ಬಹುಮಟ್ಟಿಗೆ ತಾವೇ ಮಾಡಿಕೊಳ್ಳುತ್ತವೆ. ಹಗುರವಾದವು ಮಾಡುವುದಿಲ್ಲ; ಮಾಡದೆ ಇರುವುದರಿಂದಲೇ ಅವು ಹಗುರ. ಇದನ್ನು ಅವುಗಳ ತಪ್ಪೆನ್ನುವುದು ಸರಿಯಲ್ಲವೆಂದು ನಮ್ಮ ಅಭಿಪ್ರಾಯ.

ಹುಡುಗನು ಎಲ್ಲಿಯೋ ಓದಿದಂತೆ ಈ ಮೂರು ಸಾಲುಗಳನ್ನು ಟರ್ಮಿನಲ್ಲಿನಲ್ಲಿ ಬರೆದಿದ್ದನು. ತಪ್ಪೇನೂ ಇರಲಿಲ್ಲ. ಆದರೆ ಪರಿಸರವು ಹುಟ್ಟಿನಿಂದ ಬರುವ ಸ್ವತ್ತು. ಒಂದು ಕಾರ್ಯಕ್ರಮವು ಇನ್ನೊಂದನ್ನು ಹುಟ್ಟಿಸಿದಾಗ ತನ್ನ ಪರಿಸರದ ಪ್ರತಿಯೊಂದನ್ನು ಅದಕ್ಕೆ ಕೊಡುತ್ತದೆ. ಹುಟ್ಟಿದ ಮೇಲೆ ತಂದೆಯಲ್ಲಿ ಆದ ಬದಲಾವಣೆ ಮಗನಿಗೆ ಬಾರದು, ಮಗನಲ್ಲಿ ಆದುದು ತಂದೆಗೂ ಅಣ್ಣತಮ್ಮಂದಿರಿಗೂ ಬಾರದು. ಟರ್ಮಿನಲ್ಲಿನಲ್ಲಿ ಬರೆದ ಸಾಲುಗಳು ಟರ್ಮಿನಲ್ಲಿನ ಮಕ್ಕಳಿಗೆ ಮಾತ್ರ ದೊರೆತವು. ಕೆಳಗಿನ ಪಟ್ಟಿಯಿಂದ ತೆಗೆದ ತಂತ್ರಾಂಶವು ಪಟ್ಟಿಯ ಮಗು; ಪಟ್ಟಿಗೆ ಆ ಸಾಲುಗಳ ಸುದ್ದಿಯೇ ಇರಲಿಲ್ಲ.

ಹಾಗಾದರೆ ಸಾಲುಗಳನ್ನು ಎಲ್ಲರಿಗೂ ಮೂಲಪುರುಷನಾದ ಪ್ರವೇಶಸತ್ರದಲ್ಲಿಯೇ ಇಡಬೇಕೆಂಬುದು ಸ್ಪಷ್ಟ. ಡೆಬಿಯನ್ ಮತ್ತು ಅದರ ವಂಶದ ಲಿನಕ್ಸುಗಳಲ್ಲಿ 'ಐಎಂ-ಕಾನ್ಫಿಗ್' ಎಂಬ ಸಾಧನವು ಇದನ್ನು ಮಾಡಿಕೊಡುತ್ತದೆ. ಅಲ್ಲದಿದ್ದರೆ ಮನೆಯ ಕಡತಕೋಶದಲ್ಲಿ ಚುಕ್ಕೆಯಿಂದ ಆರಂಭವಾಗುವ 'ಎಕ್ಸ್‌ಪ್ರೊಫೈಲ್' ಎಂಬ ಕಡತದಲ್ಲಿ ಅವನ್ನು ಬರೆದು, ಐಬಸ್ಸನ್ನು ಎಬ್ಬಿಸುವ ಆಜ್ಞೆಯನ್ನೂ ಅಲ್ಲಿಯೇ ಸೇರಿಸಬಹುದು. ಹಲವು ಪ್ರವೇಶವ್ಯವಸ್ಥೆಗಳು ಈ ಕಡತವನ್ನು ಓದುತ್ತವೆ. ಇಷ್ಟು ಮಾಡಿ ಹೊರಬಂದು ಮತ್ತೆ ಒಳಗೆ ಹೋಗಬೇಕು. ಈ ಕಡೆಯ ಮಾತನ್ನು ಅಲಕ್ಷ್ಯ ಮಾಡಿ ಗಂಟೆಗಟ್ಟಲೆ ಬಳಲಿದವರನ್ನು ನಾವು ಬಲ್ಲೆವು. ಮೊದಲ ಸಲ ನಾವೂ ಅವರಲ್ಲಿ ಒಬ್ಬರಾಗಿದ್ದೆವು.

ಇದೇ ಸ್ಥಳದಲ್ಲಿ ಇನ್ನೆರಡು ಕೊರತೆಗಳು ಅಡಗಿರಬಹುದು. ಜಿಟಿಕೆಯ ಒಂದೊಂದು ಪೀಳಿಗೆಗೂ ಐಬಸ್ಸಿನ ಕೊಂಡಿಯು ಬೇರೆಬೇರೆ ಕಟ್ಟಾಗಿ ಬರುವುದುಂಟು. ಒಂದನ್ನು ಹಾಕಿ ಇನ್ನೊಂದನ್ನು ಬಿಟ್ಟರೆ ಕೆಲವು ತಂತ್ರಾಂಶಗಳು ಮಾತ್ರ ಮೂಕವಾಗುತ್ತವೆ. ಮತ್ತು ಎಕ್ಸ್‌ನ ಹಳೆಯ ಕ್ರಮವು ಕನ್ನಡಕ್ಕೆ ಒದಗಬೇಕಾದರೆ ಯಂತ್ರದ ಪ್ರದೇಶ-ಭಾಷೆಯ ಏರ್ಪಾಡು ಯುಟಿಎಫ್-8ರಲ್ಲಿರಬೇಕು. 'ಲೊಕೇಲ್' ಎಂಬ ಆಜ್ಞೆಯು ಅದನ್ನು ತಿಳಿಸುತ್ತದೆ. ಉತ್ತರದಲ್ಲಿ ಬರಿಯ 'ಸಿ' ಅಥವಾ 'ಪೋಸಿಕ್ಸ್' ಎಂದಿದ್ದರೆ ದೋಷವು ಅಲ್ಲಿಯೇ ಇರಬಹುದು.

ಇಬ್ಬರು ದುಭಾಷಿಗಳು

ಮೂರು ದಿನಗಳ ಮೇಲೆ ಹುಡುಗನು ಇನ್ನೊಂದು ಚೀಟಿಯೊಡನೆ ಬಂದನು. ಈಗ ಎಲ್ಲ ಕಡೆಯೂ ಕನ್ನಡ ಬರುತ್ತಿದೆ. ಆದರೆ ವ್ಯಂಜನಗಳು ಸರಿಯಾಗಿ ಬರುತ್ತವೆ, ಸ್ವರಗಳು ಕೆಡುತ್ತವೆ. 'ಇಂದು' ಎಂದು ಬರೆಯಹೋದರೆ 'ಇ' ಬಾರದೆ ಚುಕ್ಕೆಗಳ ಒಂದು ವೃತ್ತ, ಅದರ ಮೇಲೆ ಗುಣಿತದ ಚಿಹ್ನೆ.

ಈ ದೋಷವು ನಮಗೆ ಬಹಳ ಹಿಡಿಸಿತು. ಚುಕ್ಕೆಯ ವೃತ್ತವೆಂದರೆ ಹಾರ್ಫ್‌ಬಜ್ ಕೊಡುವ ಸೂಚನೆ: 'ಗುಣಿತಚಿಹ್ನೆ ಬಂದಿದೆ, ಅದು ಕೂಡಬೇಕಾದ ವ್ಯಂಜನ ಹಿಂದೆ ಇಲ್ಲ.' ಎಂದರೆ ಆಕಾರ ಜೋಡಿಸುವ ನಿಲ್ದಾಣ ತನ್ನ ಕೆಲಸವನ್ನು ಸರಿಯಾಗಿ ಮಾಡುತ್ತಿದೆ. ಅದಕ್ಕೆ ಹಿಂದೆಯೇ ಸಂಖ್ಯೆ ತಪ್ಪಾಗಿ ಬಂದಿದೆ. ನೆನಪುಳ್ಳ ಮಧ್ಯವರ್ತಿಯು ಪದದ ಮೊದಲಲ್ಲಿ ಗುಣಿತವನ್ನು ಕೊಡುವುದಿಲ್ಲ. ಆದುದರಿಂದ ಅಕ್ಷರವನ್ನು ಕೊಟ್ಟವರು ನೆನಪಿಲ್ಲದ ಯಾರೋ ಇರಬೇಕು.

ಪರೀಕ್ಷೆಗೆ 'ಎಕ್ಸ್‌ಇವಿ' ಎಂಬ ಪುಟ್ಟ ಕಾರ್ಯಕ್ರಮವನ್ನು ತೆಗೆದೆವು. ಅದು ನಮ್ಮ ಟೆಸ್ಟರು. ಅದರ ಬಿಳಿಯ ಕಿಟಕಿಯ ಮೇಲೆ ನಿಂತು ಕೀಲಿಯೊಂದನ್ನು ಒತ್ತಿದರೆ ಆ ಕೀಲಿಯ ಸಂಖ್ಯೆಯೂ ಕೋಷ್ಟಕವು ಅದಕ್ಕೆ ಕೊಟ್ಟ ಚಿಹ್ನೆಯೂ ಬರೆದುಬರುತ್ತವೆ. ಐಬಸ್ಸನ್ನು ನಿಲ್ಲಿಸಿ 'ಕೆ' ಕೀಲಿಯನ್ನು ಒತ್ತಿದಾಗ ಸಂಖ್ಯೆ 45 ಎಂದು ಸರಿಯಾಗಿಯೇ ಬಂದಿತು. ಆದರೆ ಚಿಹ್ನೆಯು ಇಂಗ್ಲಿಷಿನ 'ಕೆ' ಆಗಿರದೆ ಕನ್ನಡದ 'ಕ' ಆಗಿತ್ತು! ಕಾರಣ ಕೂಡಲೇ ತಿಳಿಯಿತು. ಮೊದಲ ದಿನಗಳ ಗಡಿಬಿಡಿಯಲ್ಲಿ ಹುಡುಗನು ಎಕ್ಸ್‌ನ ಕೋಷ್ಟಕವನ್ನೂ ಕನ್ನಡದ ಕಗಪ ಬಗೆಗೆ ಬದಲಾಯಿಸಿ ಮರೆತಿದ್ದನು. 'ಸೆಟ್‌ಎಕ್ಸ್‌ಕೆಬಿಮ್ಯಾಪ್' ಎಂಬ ಆಜ್ಞೆಗೆ 'ಕ್ವೆರಿ' ಎಂಬ ಪ್ರಶ್ನೆಯನ್ನು ಸೇರಿಸಿ ಕೇಳಿದಾಗ ಅದೂ ಅದನ್ನೇ ಹೇಳಿತು.

ಈಗ ನೋಡಿರಿ ಏನಾಗುತ್ತಿತ್ತು. ಎಂ17ಎನ್ ಕಾಯುವುದು ಇಂಗ್ಲಿಷಿನ 'ಕೆ'ಗಾಗಿ. ಅದಕ್ಕೆ ಬಂದುದು ಆಗಲೇ ಕನ್ನಡವಾದ 'ಕ'. ಇದಕ್ಕೆ ತನ್ನಲ್ಲಿ ನಿಯಮವಿಲ್ಲವೆಂದು ಅದು ಮುಟ್ಟದೆ ಮುಂದಕ್ಕೆ ಬಿಟ್ಟುಬಿಡುತ್ತದೆ. ಪುಟದ ಮೇಲೆ 'ಕ' ಮೂಡುತ್ತದೆ. ಹುಡುಗನು ಐಬಸ್ ಕೆಲಸ ಮಾಡುತ್ತಿದೆಯೆಂದು ತಿಳಿಯುತ್ತಾನೆ. ಎರಡು ವಿನ್ಯಾಸಗಳಲ್ಲಿಯೂ ವ್ಯಂಜನಗಳ ಸ್ಥಾನ ಒಂದೇ ಆದುದರಿಂದ ದೋಷವು ಕಾಣಲಿಲ್ಲ. ನೆನಪು ಬೇಕಾದ ಸ್ವರದ ಹತ್ತಿರ ಮಾತ್ರ ಕಂಡಿತು. ಇಂಗ್ಲಿಷ್ ಬಲ್ಲ ದುಭಾಷಿಯ ಮುಂದೆ ಇನ್ನೊಬ್ಬ ದುಭಾಷಿ ಕುಳಿತು ಮೊದಲೇ ಕನ್ನಡ ಮಾಡಿ ಕೊಟ್ಟಂತೆ. ಎಕ್ಸ್‌ನ ಕೋಷ್ಟಕವನ್ನು ಇಂಗ್ಲಿಷಿಗೆ ಹಿಂತಿರುಗಿಸಿದೊಡನೆ 'ಇಂದು' ಸರಿಯಾಗಿ ಬಂದಿತು. ಇನ್‌ಸ್ಕ್ರಿಪ್ಟ್ ಬಲ್ಲವರು ಇದಕ್ಕೆ ಪ್ರತಿಯಾಗಿ ಐಬಸ್ಸನ್ನೇ ಬಿಟ್ಟು ಕೋಷ್ಟಕವೊಂದನ್ನೇ ಇಟ್ಟುಕೊಂಡರೆ ಹಳೆಯ ಯಂತ್ರದ ಸ್ಮರಣಶಕ್ತಿ ಅಷ್ಟು ಉಳಿಯುತ್ತದೆ.

ಬರೆದುದೋ, ತೋರಿದುದೋ?

ದೋಷವು ಅಕ್ಷರದ ಸಂಖ್ಯೆಯಲ್ಲಿದೆಯೋ ಅದರ ಚಿತ್ರದಲ್ಲಿದೆಯೋ ಎಂಬುದನ್ನು ಬೇರ್ಪಡಿಸಲು ಒಂದು ಸುಲಭ ಪ್ರಯೋಗವಿದೆ. ಸಾದಾ ಬರಹದ ಕಡತವೊಂದರಲ್ಲಿ 'ಕ್ಷ' ಎಂಬುದನ್ನು ಮಾತ್ರ ಬರೆದು ಉಳಿಸಿರಿ. 'ಡಬ್ಲ್ಯುಸಿ' ಎಂಬ ಆಜ್ಞೆಯಿಂದ ಅದರ ಬೈಟುಗಳನ್ನು ಎಣಿಸಿರಿ. ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದೊಂದು ಸಂಖ್ಯೆಗೂ 3 ಬೈಟುಗಳು. 'ಕ' ಎಂಬುದು 224, 178, 149. ಹೀಗೆ 'ಕ್ಷ'ಕ್ಕೆ 9. ಸಾಲಿನ ಕೊನೆಯ ಗುರುತು ಸೇರಿದ್ದರೆ 10. ಇಷ್ಟೇ ಬಂದು, ಪರದೆಯ ಮೇಲೆ ಮಾತ್ರ ಅಕ್ಷರವು ಒಡೆದು ಕಂಡರೆ ಬರವಣಿಗೆಯ ವಿಧಾನವನ್ನು ದೂರಬಾರದು. ಹಳೆಯ ಟರ್ಮಿನಲ್ಲುಗಳು ಒತ್ತಕ್ಷರಗಳನ್ನು ಜೋಡಿಸುವುದೇ ಇಲ್ಲ. ಅಕ್ಷರದ ಬದಲು ಖಾಲಿ ಚೌಕಗಳು ಕಂಡರೆ ಕನ್ನಡದ ಫಾಂಟೇ ಇಲ್ಲವೆಂದು ಅರ್ಥ. ಬೈಟುಗಳು 12 ಬಂದರೆ? ಕಣ್ಣಿಗೆ ಕಾಣದ ಒಂದು ಸಂಖ್ಯೆ ಒಳಗೆ ಸೇರಿಕೊಂಡಿದೆ.

ಕಾಣದ ಈ ಸಂಖ್ಯೆಗಳು ನಿಷ್ಪ್ರಯೋಜಕವಲ್ಲ. 8204 ಎಂಬುದು ಒತ್ತಾಗುವುದನ್ನು ತಡೆಯುತ್ತದೆ: ಅದು ಇದ್ದರೆ 'ರಾಜ್‌ಕುಮಾರ್', ಇಲ್ಲದಿದ್ದರೆ 'ರಾಜ್ಕುಮಾರ್'. 8205 ಎಂಬುದನ್ನು 'ರ'ದ ಬೆನ್ನಿಗೆ ಇಟ್ಟು ವಿರಾಮವನ್ನು ಬರೆದರೆ ಅರ್ಕಾವೊತ್ತು ಬಾರದೆ 'ರ‍್ಯ' ಎಂಬ ರೂಪ ನಿಲ್ಲುತ್ತದೆ. ಹುಡುಕುವಾಗ ಇವು ತೊಡಕಾಗುವುದುಂಟು. ಕಣ್ಣಿಗೆ ಒಂದೇ ಆದ ಎರಡು ಪದಗಳು ಯಂತ್ರಕ್ಕೆ ಬೇರೆಬೇರೆ.

ಹೊಸ ಮಾರ್ಪಾಡೊಂದನ್ನೂ ವಾಚಕರಿಗೆ ತಿಳಿಸಬೇಕು. ಎಕ್ಸ್‌ನ ಸ್ಥಾನಕ್ಕೆ ವೇಲ್ಯಾಂಡ್ ಎಂಬ ಕ್ರಮವು ಬರುತ್ತಿದೆ. 2024ರಲ್ಲಿ ಹೊರಬಂದ ಎಲ್‌ಎಕ್ಸ್‌ಕ್ಯೂಟಿ 2.1 ಮತ್ತು ಎಕ್ಸ್‌ಎಫ್‌ಸಿಇ 4.20 ಎಂಬ ಹಗುರ ವ್ಯವಸ್ಥೆಗಳು ಅದರತ್ತ ಹೆಜ್ಜೆಯಿಟ್ಟಿವೆ. ಅಲ್ಲಿ ವಿಳಾಸ ಹೇಳುವ ರೀತಿ ಬೇರೆಯಾದುದರಿಂದ ಮೇಲಿನ ಮೂರು ಸಾಲುಗಳು ಕೆಲವೊಮ್ಮೆ ಅನಾವಶ್ಯಕ, ಕೆಲವೊಮ್ಮೆ ಅಡ್ಡಿಯೂ ಆಗಬಲ್ಲವು. ಮೊದಲು ನಮ್ಮ ಸತ್ರವು ಯಾವ ಕ್ರಮದ್ದೆಂದು ತಿಳಿದುಕೊಂಡು ಮುಂದುವರಿಯಬೇಕು.

ಮೊದಲನೆಯ ವಹಿ

ಇನ್ನು ಉಳಿದುದು ತಂದೆ ಹಾಕಿಸಿದ್ದ ಕಡತ. ಅದನ್ನು ತೆಗೆದಾಗ ಒಂದು ಕನ್ನಡ ಅಕ್ಷರವೂ ಇಲ್ಲ. ಇಂಗ್ಲಿಷಿನ ಅಕ್ಷರಗಳು, ತಲೆಯ ಮೇಲೆ ಗೀರುಗಳುಳ್ಳ ಯುರೋಪಿನ ಅಕ್ಷರಗಳು, ಅವುಗಳ ನಡುವೆ ಹಣದ ಗುರುತುಗಳು. ಹುಡುಗನ ಮುಖ ಬಾಡಿತು. ಆ ವಹಿಯ ಅಂಚನ್ನೇ ಗೆದ್ದಲು ತಿಂದಿದ್ದುದು. ಕಡತ ಹೋದರೆ ಕೆಲವು ಪದಗಳ ಕೊನೆಯ ನುಡಿಗಳು ಹೋದಂತೆಯೇ.

ಕಡತವು ಕೆಟ್ಟಿರಲಿಲ್ಲ. ಯೂನಿಕೋಡು ರೂಢಿಗೆ ಬರುವ ಮೊದಲು ನುಡಿ, ಬರಹ ಮುಂತಾದ ತಂತ್ರಾಂಶಗಳಲ್ಲಿ ಅಕ್ಷರದ ಸಂಖ್ಯೆಯನ್ನಲ್ಲ, ಆಕಾರದ ತುಂಡುಗಳನ್ನು ಸಂಗ್ರಹಿಸುತ್ತಿದ್ದರು. ಆಗ ದೊರೆಯುತ್ತಿದ್ದ ಸ್ಥಾನಗಳು 256ಕ್ಕಿಂತ ಹೆಚ್ಚಿಲ್ಲ. ಇಂಗ್ಲಿಷ್ ಅಕ್ಷರಗಳ ಸ್ಥಾನಗಳಲ್ಲಿಯೇ ಕನ್ನಡದ ತುಂಡುಗಳನ್ನು ಕೂಡಿಸಿದ ಫಾಂಟುಗಳನ್ನು ಮಾಡಿದರು. ನುಡಿಯ ಹಳೆಯ ಫಾಂಟಿನಲ್ಲಿ 'ಅ' ಇರುವುದು ಇಂಗ್ಲಿಷಿನ ದೊಡ್ಡ 'ಸಿ'ಯ ಮನೆಯಲ್ಲಿ, 'ಆ' ದೊಡ್ಡ 'ಡಿ'ಯ ಮನೆಯಲ್ಲಿ. 'ಕ'ದ ದೇಹ 'ಪಿ'ಯ ಮನೆಯಲ್ಲಿದ್ದರೆ ಅದರ ತಲೆಕಟ್ಟು ಬೇರೊಂದು ಮನೆಯಲ್ಲಿ. ಆ ಫಾಂಟು ಇರುವ ಯಂತ್ರದಲ್ಲಿ ಇದು ಕನ್ನಡ, ಇಲ್ಲದ ಯಂತ್ರದಲ್ಲಿ ಕಲಸುಮೇಲೋಗರ. ಅಂದಿನ ಸ್ಥಿತಿಯಲ್ಲಿ ಬೇರೆ ದಾರಿಯಿರಲಿಲ್ಲ. ಮಾಡಿದವರನ್ನು ಇಂದು ನಗುವುದು ತರವಲ್ಲ.

ಇಂಥ ಕಡತವನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳಿವೆ. ಅವು ತುಂಡಿಗೆ ತುಂಡನ್ನು ಇಟ್ಟರೆ ಸಾಲದು, ಕ್ರಮವನ್ನೂ ತಿರುಗಿಸಬೇಕು. 'ಕರ್ನಾಟಕ' ಎಂಬ ಪದದಲ್ಲಿ ಅರ್ಕಾವೊತ್ತು ಕಣ್ಣಿಗೆ 'ನಾ' ಆದ ಮೇಲೆ ಕಾಣುತ್ತದೆ. ಹಳೆಯ ಕಡತದಲ್ಲಿಯೂ ಅದು ಅಲ್ಲಿಯೇ ಇರುತ್ತದೆ. ಯೂನಿಕೋಡಿನಲ್ಲಾದರೋ ಉಚ್ಚಾರದ ಕ್ರಮ: 'ರ', ವಿರಾಮ, 'ನ', 'ಾ'. ಪರಿವರ್ತಕವು ಅರ್ಕಾವೊತ್ತನ್ನು ಹಿಡಿದು, ಹಿಂದಕ್ಕೆ ನಡೆದು, ವ್ಯಂಜನದ ಮುನ್ನ ಅದನ್ನು 'ರ' ಮಾಡಿ ಇರಿಸಬೇಕು. ಒತ್ತಿನ ಮೇಲೆ ಒತ್ತು ಬಂದಲ್ಲಿ ಇದು ತಪ್ಪುವುದುಂಟು. ಇನ್ನೊಂದು ತೊಡಕು: ಸಾದಾ ಬರಹವಾಗಿ ಉಳಿಸಿದ ಕಡತದಲ್ಲಿ ಯಾವ ಭಾಗ ಯಾವ ಫಾಂಟಿನದೆಂಬ ಗುರುತು ಇರುವುದಿಲ್ಲವಾದುದರಿಂದ, ನಿಜವಾಗಿ ಇಂಗ್ಲಿಷಿನಲ್ಲಿಯೇ ಬರೆದ ಮಾತುಗಳೂ ಅರ್ಥವಿಲ್ಲದ ಕನ್ನಡವಾಗಿಬಿಡುತ್ತವೆ. ಅಂಗಡಿಯವನು ಶೀರ್ಷಿಕೆಗಳ ಪಕ್ಕದಲ್ಲಿ ಇಂಗ್ಲಿಷಿನಲ್ಲಿ ಬರೆದಿದ್ದ ಟಿಪ್ಪಣಿಗಳ ಗತಿ ಹಾಗೆಯೇ ಆಯಿತು. ಅವನ್ನು ಮೂಲದಿಂದ ನೋಡಿ ಮತ್ತೆ ಬರೆಯಬೇಕಾಯಿತು.

ಪರಿವರ್ತನೆಯಾದ ಮೇಲೆ ಮೂಲ ಕಡತವನ್ನು ಅಳಿಸಬಾರದೆಂದೂ ಅದರ ಒಂದು ಪ್ರತಿಯನ್ನು ಬೇರೆ ಕಡೆ ಇಡಬೇಕೆಂದೂ ಹೇಳಿ ಕಳುಹಿಸಿದೆವು. ಈಗ ಸಂಜೆಯ ಹೊತ್ತು ಹುಡುಗನು ಪರದೆಯನ್ನು ನೋಡಿ ಗಟ್ಟಿಯಾಗಿ ಓದುತ್ತಾನೆ, ಅಜ್ಜ ಕಣ್ಣುಮುಚ್ಚಿ ಕೇಳುತ್ತಾರೆ. ಒಂದು ನುಡಿಯಲ್ಲಿ ಅವರು ತಡೆದು, "ಅಲ್ಲೋ, ಅದು 'ತಿರುಗಿ' ಅಲ್ಲ, 'ತೀರ್ಥಕ' ಅಂತ ಐತಿ" ಎಂದರಂತೆ. ಕಡತದಲ್ಲಿ ನೋಡಿದರೆ ಅರ್ಕಾವೊತ್ತು ಒಂದು ಅಕ್ಷರ ಹೆಚ್ಚಾಗಿ ಹಿಂದಕ್ಕೆ ಸರಿದಿತ್ತು; ಅರ್ಥವಾಗದುದನ್ನು ಹುಡುಗನು ತನಗೆ ತೋಚಿದಂತೆ ಓದಿದ್ದನು. ಮೊದಲನೆಯ ವಹಿಯಲ್ಲಿ ಹೀಗೆ ಹದಿನೇಳು ಸ್ಥಳಗಳು ಸಿಕ್ಕಿವೆ, ಎರಡನೆಯದನ್ನು ಬರೆಯಲು ತೊಡಗಿದ್ದಾರೆ.